ಮನೆಗಾಡಿಯ ಸುಳ್ಳು ಸ್ಕ್ರೂ

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಆ ಕೋಪಕ್ಕೆ ಅತ್ತಳು, ಆಮೇಲೆ ತಿರುಗಿ ಬೈಯುವುದನ್ನು ಕಲಿತಳು, ಈಗ ನಕ್ಕು ಸುಮ್ಮನಾಗುತ್ತಾಳೆ. "ಗಾಡಿಗೆ ಏನೇನೋ ಹಾಕಿಸ್ತೀರಲ್ಲ, ನಿಮ್ಮ ಬಾಯಿಗೊಂದು ಸೈಲೆನ್ಸರ್ ಹಾಕಿಸ್ಕೊಳ್ಳಿ" ಎನ್ನುತ್ತಿದ್ದಳು. ಹಾಕಿಸಿಕೊಂಡಿದ್ದರೆ ನನ್ನ ಒಬ್ಬನೇ ಒಬ್ಬ ಗೆಳೆಯ ಇವತ್ತಿಗೂ ಭಾನುವಾರ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬರುತ್ತಿದ್ದ.

ನಾವು ಇಟ್ಟಮಡುವಿನವರು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕಾರು ನಿಲ್ಲಿಸಲು ಜಾಗವಿಲ್ಲದೆ ಬಾಡಿಗೆಯವರು ಬೀದಿಯಲ್ಲಿ ಜಗಳವಾಡುತ್ತಾರೆ, ನನ್ನ ಅಂಗಳವನ್ನು ಮಾತ್ರ ಒಂದೇ ಗಾಡಿ ಪೂರ್ತಿ ಆವರಿಸಿಕೊಂಡಿದೆ. ಅದು ಒಂದು ಕಾಲಕ್ಕೆ ಹಳ್ಳಿಗಳಿಗೆ ಔಷಧಿ ಹೊತ್ತು ತಿರುಗುತ್ತಿದ್ದ ಪೆಟ್ರೋಲ್ ವ್ಯಾನು. ಹರಾಜಿನಲ್ಲಿ ಅದು ಸಿಕ್ಕಾಗ ಗೆಳೆಯನೂ ನಾನೂ ಮೂವತ್ತರ ಆಸುಪಾಸಿನವರು. ಔಷಧಿಯ ಕಪಾಟು ಕಿತ್ತು ಮಲಗುವುದಕ್ಕೆ ಎರಡು ಹಲಗೆ ಹಾಕಿದೆವು. ಒಂದು ಒಲೆ, ನೀರಿನ ಟ್ಯಾಂಕು, ಕಿಟಕಿಗೆ ನನ್ನ ಹೆಂಡತಿಯ ಹಳೇ ಸೀರೆಯ ಪರದೆ. ಬೇರೆಯವರು ಮೋಟರ್‌ಹೋಮ್ ಎನ್ನುತ್ತಾರೆ. ನಾವು ಮನೆಗಾಡಿ ಎಂದೆವು.

ಗೆಳೆಯನ ಮನೆ ಹೊಸಕೆರೆಹಳ್ಳಿಯ ಕೆರೆ ಪಕ್ಕ. ಇಬ್ಬರಿಗೂ ಒಂದೇ ಸ್ಕೂಲು, ಒಂದೇ ಬೆಂಚು. 'ಊರಿನ ಆ ಕಡೆಯವನು' ಎಂದರೆ ನಮ್ಮ ಕಡೆಯ ಹಳಬರಿಗೆ ಅರ್ಥವಾಗುತ್ತದೆ. ಅರ್ಥವಾಗದವರಿಗೆ ಬಿಡಿಸಿ ಹೇಳುತ್ತೇನೆ, ನಾಚಿಕೆಪಡಬೇಕಾದವನು ನಾನೇ. ನಮ್ಮವ್ವ ಅವನಿಗೆ ಬೇರೆ ಲೋಟ ಇಟ್ಟಿದ್ದಳು, ಕಾಂಪೌಂಡ್ ಗೋಡೆಯ ಗೂಡಿನಲ್ಲಿ. ಕಾಫಿ ಕುಡಿದು ಅವನೇ ಅದನ್ನು ತೊಳೆದು ಮತ್ತೆ ಅಲ್ಲೇ ಇಡಬೇಕಿತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ "ನಂಗೆ ಕಾಫಿ ಸೇರಲ್ಲ" ಎಂದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಹನಿ ನೀರೂ ಮುಟ್ಟಲಿಲ್ಲ. ಅವನ ಅಪ್ಪ ಬೌದ್ಧರಾದವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಒಂದೇ ಇದೆಯಂತೆ ಎಂದು ಕೇಳಿದ್ದೆ. ಒಳಗೆ ಹೋಗಿ ನೋಡಿದವನಲ್ಲ.

ಹಾಗಾಗಿ ನಮಗೆ ಮನೆಗಾಡಿ ಬೇಕಾಗಿತ್ತು. ಅದು ಅವನ ಮನೆಯೂ ಅಲ್ಲ, ನನ್ನದೂ ಅಲ್ಲ. ಅದರೊಳಗೆ ಅವನೇ ಕಾಫಿ ಕಾಯಿಸುತ್ತಿದ್ದ, ಆ ಸೇರದ ಕಾಫಿಯನ್ನು ಎರಡೆರಡು ಲೋಟ ಕುಡಿಯುತ್ತಿದ್ದ. ಅವ್ವ ತೀರಿಕೊಂಡ ಮೇಲೆ ನನ್ನ ಹೆಂಡತಿ "ಒಳಗೆ ಬನ್ನಿ ಅಣ್ಣ" ಎಂದು ಎಷ್ಟೋ ಸಲ ಕರೆದಳು. "ಕೈಯೆಲ್ಲ ಗ್ರೀಸು ಕಣಮ್ಮ, ಇಲ್ಲೇ ಸರಿ" ಎನ್ನುತ್ತಿದ್ದ. ನಾನು ಒಂದು ಸಲವೂ ಕರೆಯಲಿಲ್ಲ. ಗಾಡಿಯಲ್ಲಿ ಒಟ್ಟಿಗೆ ಉಂಡು ಮಲಗುತ್ತೇವಲ್ಲ, ಇನ್ನೇನು ಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅವನು ಮೆಕ್ಯಾನಿಕ್. ಬನಶಂಕರಿಯಲ್ಲಿ ಗ್ಯಾರೇಜಿತ್ತು. ಕಾರ್ಬೊರೇಟರ್ ಟ್ಯೂನಿಂಗ್ ಎಂದರೆ ಜಯನಗರ, ಬಿಟಿಎಂ ಕಡೆಯಿಂದೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾರ್ಬೊರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಪುಟ್ಟ ಡಬ್ಬಿ. ಅದಕ್ಕೊಂದು ಸ್ಕ್ರೂ. ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಹೊರಗೆ ತಿರುಗಿಸಿದರೆ ಜಾಸ್ತಿ. ಎಲ್ಲಿ ನಿಲ್ಲಿಸಬೇಕೆಂದು ಪುಸ್ತಕದಲ್ಲೇನೋ ಬರೆದಿರುತ್ತಾರೆ, ಆದರೆ ಒಂದು ಇಂಜಿನ್ ಇದ್ದಂತೆ ಇನ್ನೊಂದಿಲ್ಲ. ಅವನು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಆಮೇಲೆ ಸ್ಕ್ರೂವನ್ನು ಕಾಲು ಸುತ್ತು ಅತ್ತ, ಕೂದಲೆಳೆಯಷ್ಟು ಇತ್ತ. ಇಂಜಿನ್ನಿನ ಗೊರಗೊರ ನಿಂತು, ಹೊಟ್ಟೆ ತುಂಬಿದ ಹಸುವಿನ ಹಾಗೆ ಉಸಿರಾಡತೊಡಗುತ್ತಿತ್ತು.

ಗಾಡಿಗಳಿಗೆಲ್ಲ ಕಂಪ್ಯೂಟರ್ ಬಂತು. ಗಿರಾಕಿ ಕಡಿಮೆಯಾಗಿ ಗ್ಯಾರೇಜು ಮುಚ್ಚಿದ. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಒಂದೇ ಕಾರ್ಬೊರೇಟರ್, ನಮ್ಮ ಮನೆಗಾಡಿಯದು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ. ಬಾನೆಟ್ ಎತ್ತಿ, ಕೇಳಿ, ತಿರುಗಿಸಿ, ಆಮೇಲೆ ಗಾಡಿಯೊಳಗೆ ಕೂತು ಕಾಫಿ ಕುಡಿದು, ಹನ್ನೊಂದಕ್ಕೆ ಎದ್ದು ಹೋಗುತ್ತಿದ್ದ. ವಾರಕ್ಕೊಮ್ಮೆ ಟ್ಯೂನ್ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವನು ಹಾಗೇ ಕಣ್ಣು ಮುಚ್ಚಿಕೊಂಡು ಸ್ಕ್ರೂ ತಿರುಗಿಸುತ್ತಿದ್ದ. ಅರ್ಧ ಸುತ್ತು ಹೆಚ್ಚಾಯಿತೋ ಏನೋ, ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವನು ತಿರುಗಿಸುತ್ತಲೇ ಇದ್ದ. ಒಳಗೆ, ಹೊರಗೆ, ಮತ್ತೆ ಒಳಗೆ. ಇಂಜಿನ್ ಸತ್ತು ಬಿದ್ದಿದೆ, ಪಕ್ಕದ ಮನೆಯ ಕುಕ್ಕರ್ ಕೂಗುವುದು ನನಗೆ ಕೇಳಿಸುತ್ತಿದೆ, ಇವನು ತಲೆದೂಗುತ್ತಿದ್ದಾನೆ. "ಹ್ಞಾ, ಈಗ ಸರಿ ಹೋಯ್ತು ನೋಡು" ಎಂದು ಕಣ್ಣು ಬಿಟ್ಟು ನನ್ನ ಮುಖ ನೋಡಿದ.

ಅಯ್ಯೋ ದೇವರೇ ಎನಿಸಿತು. ಊರಿಗೆಲ್ಲ ಬಾಯಿ ಮಾಡುವ ನಾನು ಆವತ್ತು ನಿಜ ಹೇಳಲಿಲ್ಲ. "ಸರಿ ಹೋಯ್ತು" ಎಂದು ತಲೆಯಾಡಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಅವನು ಕಾಫಿಗೆ ನೀರಿಟ್ಟ.

ಎದುರು ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದನಾದ್ದರಿಂದ ಅವನ ಕಿವಿ ಮಂದವಾದದ್ದು ಅಲ್ಲಿಯವರೆಗೆ ನನಗೆ ಗೊತ್ತಾಗಿರಲಿಲ್ಲ. ಅವನ ಮಗಳು ಕಿವಿಗೆ ಮಿಷನ್ ತಂದುಕೊಟ್ಟಿದ್ದಳಂತೆ. "ಕಿವಿಯೊಳಗೆ ಬಸ್ ಸ್ಟ್ಯಾಂಡ್ ಇಟ್ಟಂಗೆ ಆಗುತ್ತೆ" ಎಂದು ಎರಡೇ ದಿನಕ್ಕೆ ಕಿತ್ತು ಡ್ರಾಯರಿಗೆ ಹಾಕಿದ್ದನಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ನನ್ನ ಹೆಂಡತಿಯ ಮೂಲಕ.

ಗಾಡಿ ಕೆಡುತ್ತಾ ಬಂತು. ತಪ್ಪೆಲ್ಲ ಅವನದಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದ ಮೇಲೆ ಹಳೇ ಕಾರ್ಬೊರೇಟರಿನ ರಬ್ಬರುಗಳು ಊದಿಕೊಂಡು ಹಾಳಾಗುತ್ತಿದ್ದವು. ಅದರ ಮೇಲೆ ಅವನ ಟ್ಯೂನಿಂಗೂ ತಪ್ಪುತ್ತಿತ್ತು. ಸಂಗಮಕ್ಕೆ ಹೋಗಿ ನದಿ ದಡದಲ್ಲಿ ಒಂದು ರಾತ್ರಿ ಇದ್ದು ಬರೋಣವೆಂದು ಹೊರಟ ಒಂದು ದಿನ ಕನಕಪುರ ರಸ್ತೆಯ ಏರಿನಲ್ಲಿ ಗಾಡಿ ನಿಂತಿತು. ಅವನು ಇಳಿದು ಬಾನೆಟ್ ಎತ್ತಿದ. ಏನನ್ನೋ ನೋಡಲು ಎರಡು ಹೆಜ್ಜೆ ಹಿಂದೆ ಸರಿದ, ರಸ್ತೆಯ ಮಧ್ಯಕ್ಕೆ. ಇಳಿಜಾರಿನಲ್ಲಿ ಜಲ್ಲಿ ಲಾರಿ ಬರುತ್ತಿತ್ತು. ಹಾರನ್ನು ಬಡಿದುಕೊಳ್ಳುತ್ತಿದೆ, ನಾನು ಕಿರುಚುತ್ತಿದ್ದೇನೆ, ಅವನು ಬಾನೆಟ್ಟನ್ನೇ ನೋಡುತ್ತ ನಿಂತಿದ್ದಾನೆ. ಓಡಿಹೋಗಿ ಅಂಗಿ ಹಿಡಿದು ಎಳೆದೆ. ಲಾರಿಯ ಗಾಳಿ ಮುಖಕ್ಕೆ ಬಡಿಯಿತು. "ಯಾಕೋ ಹಿಂಗೆ ಎಳೀತೀಯಾ, ಗುಂಡಿ ಕಿತ್ತೋಯ್ತು" ಎಂದು ನನಗೇ ಬೈದ.

ಗಾಡಿ ದಾರಿಯಲ್ಲಿ ನಿಲ್ಲದಿದ್ದರೆ ಇವನು ರಸ್ತೆಯಲ್ಲಿ ನಿಲ್ಲಬೇಕಿಲ್ಲ. ನನ್ನ ತಲೆಗೆ ಹೊಳೆದದ್ದು ಅಷ್ಟೇ. ಕಾರ್ಬೊರೇಟರ್ ತೆಗೆಸಿ ಫ್ಯೂಯಲ್ ಇಂಜೆಕ್ಷನ್ ಹಾಕಿಸಬೇಕು. ಆದರೆ ಹಾಕಿಸಿದರೆ ಇವನು ಭಾನುವಾರ ಬಂದು ಮಾಡುವುದೇನು? ಎರಡು ವಾರ ಇದನ್ನೇ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಅವನನ್ನೇ ಕೂರಿಸಿಕೊಂಡು "ಹಿಂಗಿಂಗೆ ಕಣೋ" ಎಂದಿದ್ದರೆ ಮುಗಿಯುತ್ತಿತ್ತು. ಅದೊಂದು ಬಿಟ್ಟು ಬೇರೆಲ್ಲ ಹೊಳೆಯಿತು ನನಗೆ.

ಹಳೇ ಗಾಡಿಗಳಿಗೆ ಇಂಜೆಕ್ಷನ್ ಹಾಕಿಕೊಡುವ ಹೆಂಗಸೊಬ್ಬರು ಜೆಪಿ ನಗರದಲ್ಲಿದ್ದಾರೆಂದು ಬಾಡಿಗೆಯವರೊಬ್ಬರು ಹೇಳಿದರು. ಹೋದೆ. ತಗಡಿನ ಶೆಡ್ಡು, ಒಳಗೆ ಎರಡು ಹಳೇ ಕಾರು, ನಲವತ್ತು ದಾಟಿದ ಹೆಂಗಸು ಮೊಣಕೈವರೆಗೆ ಆಯಿಲ್ ಮೆತ್ತಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

"ಗಾಳಿ ಎಷ್ಟು ಹೋಗ್ತಿದೆ, ಇಂಜಿನ್ ಎಷ್ಟು ಬಿಸಿ ಇದೆ, ಹೊಗೇಲಿ ಏನಿದೆ, ಎಲ್ಲಾ ಸೆನ್ಸರ್ ನೋಡುತ್ತೆ ಅಂಕಲ್. ಆ ವಿಷಯ ಈ ಬಾಕ್ಸಿಗೆ ಬರುತ್ತೆ. ಬಾಕ್ಸ್ ಹೇಳಿದಷ್ಟೇ ಪೆಟ್ರೋಲನ್ನ ಇಂಜೆಕ್ಟರ್ ಚಿಮ್ಮಿಸುತ್ತೆ. ಸ್ಕ್ರೂ ತಿರುಗಿಸೋ ತಲೆನೋವೇ ಇರಲ್ಲ."

ಆ ತಲೆನೋವಿಗಾಗಿಯೇ ಒಬ್ಬ ಮೂವತ್ತು ವರ್ಷದಿಂದ ನನ್ನ ಮನೆಗೆ ಬರುತ್ತಿದ್ದಾನೆ ಎಂದು ಅವರಿಗೆ ಹೇಗೆ ಹೇಳಲಿ? ಗೆಳೆಯನಿಗೆ "ಪೇಂಟಿಂಗಿಗೆ ಬಿಟ್ಟಿದೀನಿ" ಎಂದು ಸುಳ್ಳು ಹೇಳಿ ಗಾಡಿಯನ್ನು ಶೆಡ್ಡಿಗೆ ಬಿಟ್ಟೆ. ಸುಳ್ಳಿಗೆ ಸಾಕ್ಷಿ ಇರಲೆಂದು ಬಾಗಿಲಿಗೆ ನಿಜವಾಗಿಯೂ ನೀಲಿ ಬಣ್ಣ ಹೊಡೆಸಿದೆ.

ಆಕೆ ಇಂಜಿನ್ನನ್ನೆಲ್ಲ ಬಿಚ್ಚಿ ನೋಡಿ ನನ್ನನ್ನು ಕರೆದರು. "ಇದನ್ನ ಇಷ್ಟು ವರ್ಷ ಯಾರು ನೋಡ್ಕೊಂಡಿದ್ದು? ಈ ವಯಸ್ಸಿನ ಇಂಜಿನ್ ಒಳಗೆ ಹಿಂಗಿರೋದು ನಾನು ನೋಡೇ ಇಲ್ಲ. ಅವ್ರನ್ನ ಒಂದ್ಸಲ ಕರ್ಕೊಂಡು ಬನ್ನಿ ಅಂಕಲ್. ಚಳಿಗೆ ಹೆಂಗೆ ಆಡುತ್ತೆ, ಏರಿಗೆ ಹೆಂಗೆ ಆಡುತ್ತೆ, ಇದರ ಬುದ್ಧಿ ಅವ್ರಿಗೆ ಗೊತ್ತಿರುತ್ತೆ. ಅವ್ರು ಹೇಳಿದ್ರೆ ನಾನು ಲ್ಯಾಪ್‌ಟಾಪಲ್ಲಿ ಹಾಕ್ತೀನಿ. ಇಬ್ರೂ ಸೇರಿದ್ರೆ ಸಖತ್ತಾಗಿ ಬರುತ್ತೆ."

"ಅವನು ಊರಲ್ಲಿಲ್ಲ" ಎಂದೆ. ಅವನು ಆಗ ಹೊಸಕೆರೆಹಳ್ಳಿಯಲ್ಲಿ, ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಸುಮ್ಮನೆ ಕೂತಿದ್ದ. ಆಕೆ ನನ್ನ ಕೈಗೆ ತಂದುಕೊಟ್ಟ ಒಳ್ಳೇ ದಾರಿಯನ್ನು ನಾನೇ ಒದ್ದೆ.

ಒದ್ದದ್ದಲ್ಲದೆ ಇನ್ನೊಂದು ಕೇಳಿದೆ. ಹಳೇ ಕಾರ್ಬೊರೇಟರ್ ಹೊರಗಿನಿಂದ ಹಾಗೇ ಕಾಣಬೇಕು, ಸ್ಕ್ರೂ ಇದ್ದಲ್ಲೇ ಇರಬೇಕು, ತಿರುಗಿಸಿದರೆ ತಿರುಗಬೇಕು, ಆದರೆ ಯಾವುದಕ್ಕೂ ಸಂಬಂಧ ಇರಬಾರದು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಿಗೆ ಮೋಸ ಮಾಡೋಕೆ ಅಂಕಲ್?"

"ಮೋಸ ಅಲ್ಲಮ್ಮ, ಒಬ್ಬರ ಮನಸ್ಸು ನೋಯಬಾರದು ಅಂತ. ಮಾಡೋಕಾಗುತ್ತೋ ಇಲ್ವೋ ಹೇಳು" ಎಂದು ರೇಗಿದೆ.

ಮಾಡಿದರು. ಕಾರ್ಬೊರೇಟರಿನ ಒಳಗಿನದನ್ನೆಲ್ಲ ಕೊರೆದು ತೆಗೆದು, ಆ ಖಾಲಿ ಚಿಪ್ಪಿನೊಳಗೆ ಇಂಜೆಕ್ಟರ್ ಕೂರಿಸಿದರು. ವೈರುಗಳು ಏರ್ ಫಿಲ್ಟರಿನ ಅಡಿಯಲ್ಲಿ ಅಡಗಿದವು, ಹೊಸ ಪಂಪು ಹಿಂದೆ ಟ್ಯಾಂಕಿನ ಮರೆಗೆ ಹೋಯಿತು. ಲೆಕ್ಕ ಹಾಕುವ ಆ ಬಾಕ್ಸನ್ನು ಡ್ರೈವರ್ ಸೀಟಿನ ಕೆಳಗಿಡೋಣ, ಒಣಗಿರುತ್ತೆ ಎಂದರು. ಅಲ್ಲಿ ಬೇಡವೇ ಬೇಡ, ಗೆಳೆಯ ತನ್ನ ನಟ್ಟು ಬಿಚ್ಚುವ ಪಾನಾಗಳನ್ನು ಇಡುವುದು ಅಲ್ಲೇ. ಕೊನೆಗೆ ಇಂಜಿನ್ನಿನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಹಳೇ ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿಸಿದೆ. "ಇಲ್ಲಿಗೆ ನೀರು ಬೀಳಬಾರ್ದು ಅಂಕಲ್" ಎಂದು ಮೂರು ಸಲ ಹೇಳಿದರು. ಮೂರು ಸಲವೂ ಹ್ಞೂಂ ಎಂದೆ.

ಗಾಡಿ ಮನೆಗೆ ತರುವಾಗ ಅದೇ ಕನಕಪುರ ರಸ್ತೆಯ ಏರಿಗೆ ಬೇಕೆಂದೇ ಹೋಗಿ ಬಂದೆ. ಬೆಣ್ಣೆಯ ಹಾಗೆ ಹತ್ತಿತು. ಸ್ಟಾರ್ಟ್ ಮಾಡಲು ಚೋಕ್ ಎಳೆಯಬೇಕಿಲ್ಲ, ಪೆಟ್ರೋಲ್ ವಾಸನೆಯಿಲ್ಲ, ಕೀ ತಿರುಗಿಸಿದೊಡನೆ ಇಂಜಿನ್ ಸಿದ್ಧ. ಮೇಲೆ ತಲುಪಿ ನಿಲ್ಲಿಸಿದಾಗ ನನಗೆ ಅಳು ಬಂತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಮೊದಲ ಭಾನುವಾರ ಅವನು ಬಂದ. ಕೀ ತಿರುಗಿಸಿದೊಡನೆ ಹಿಂದಿನಿಂದ ಹೊಸ ಪಂಪು ಎರಡು ಸೆಕೆಂಡು ಗುಂಯ್ ಎನ್ನುತ್ತದೆ. ಸಿಕ್ಕಿಬಿದ್ದೆ ಎಂದುಕೊಂಡೆ. ಅವನಿಗೆ ಕೇಳಿಸಲಿಲ್ಲ. ಒಳ್ಳೆಯದಾಯಿತು ಎಂದು ಸಮಾಧಾನಪಟ್ಟೆ. ಗೆಳೆಯನ ಕಿವಿ ಹೋದದ್ದು ಒಳ್ಳೆಯದಾಯಿತು ಎಂದುಕೊಂಡವನು ನಾನು. ಅದಕ್ಕೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ.

ಅವನು ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, ಸ್ಕ್ರೂ ತಿರುಗಿಸಿದ. ಕಾಲು ಸುತ್ತು ಅತ್ತ, ಇತ್ತ. ಒಂದು ಗಳಿಗೆ ಅವನ ಕೈ ನಿಂತಿತು. ಆಮೇಲೆ ಮತ್ತೆ ತಿರುಗಿಸಿದ. "ಹೆಂಗಿದೆ?" ಎಂದ. "ಸಖತ್ತಾಗಿದೆ ಗುರು, ನಿನ್ನ ಕೈ ಬಿದ್ರೆ ಕೇಳ್ಬೇಕಾ" ಎಂದು ಕೈಸನ್ನೆ ಮಾಡಿದೆ. ನಕ್ಕ. ಒಳಗೆ ಕೂತು ಕಾಫಿ ಕುಡಿದೆವು. ಹೀಗೆ ನಾಲ್ಕು ತಿಂಗಳು ನಡೆಯಿತು. ಪ್ರತಿ ಭಾನುವಾರ ಅವನು ಎಲ್ಲಿಗೂ ಸೇರದ ಸ್ಕ್ರೂವನ್ನು ತಿರುಗಿಸುತ್ತಿದ್ದ, ನಾನು ಹೊಗಳುತ್ತಿದ್ದೆ. ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿ, "ಇದು ಸರಿಯಲ್ಲ ಕಣ್ರೀ, ಹೇಳ್ಬಿಡಿ" ಎನ್ನುತ್ತಿದ್ದಳು. ಮುಂದಿನ ವಾರ ಎನ್ನುತ್ತಿದ್ದೆ.

ಆಯುಧಪೂಜೆ ಬಂತು. ನಮ್ಮಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಅವನು ಪೂಜೆ ಮಾಡುವುದಿಲ್ಲ, ಕೈ ಮುಗಿಯುವುದಿಲ್ಲ, ಕುಂಕುಮ ಇಡುವುದಿಲ್ಲ. "ಪೂಜೆ ನಿಂದು, ತೊಳೆಯೋದು ನಂದು" ಎನ್ನುತ್ತಿದ್ದ. ಹಬ್ಬದ ಬೆಳಿಗ್ಗೆ ಬೇಗನೆ ಬಂದು, ಬಾನೆಟ್ ಎತ್ತಿ, ಸೀಮೆಎಣ್ಣೆಯಲ್ಲಿ ಇಂಜಿನ್ನಿನ ಜಿಡ್ಡು ಉಜ್ಜಿ, ಪೈಪು ಹಿಡಿದು ನೀರು ಬಿಟ್ಟು ಫಳಫಳ ಮಾಡುತ್ತಿದ್ದ. ಹಳೇ ಇಂಜಿನ್ನಿಗೆ ನೀರಿನ ಭಯವಿಲ್ಲ, ಸ್ವಲ್ಪ ಒರೆಸಿದರೆ ಸ್ಟಾರ್ಟ್ ಆಗುತ್ತಿತ್ತು. ಆ ಬೆಳಿಗ್ಗೆ ನಾನು ಬೂದುಗುಂಬಳ ತರಲು ಬನಶಂಕರಿ ಮಾರುಕಟ್ಟೆಗೆ ಹೋಗಿದ್ದೆ. ಹೂವಿನವಳ ಹತ್ತಿರ ಚೌಕಾಸಿ ಮಾಡುತ್ತ ನಿಂತೆ. ಬಾಕ್ಸಿನ ನೆನಪೇ ಬರಲಿಲ್ಲ. ನಾನು ವಾಪಸ್ಸು ಬರುವಷ್ಟರಲ್ಲಿ ಅವನು ಇಂಜಿನ್ ತೊಳೆದು ಮುಗಿಸಿ ಪೈಪಿನಲ್ಲಿ ಚಕ್ರ ತೊಳೆಯುತ್ತಿದ್ದ.

ಚೆಂಡುಹೂವಿನ ಹಾರ ಹಾಕಿದೆವು, ಬಾಳೆಕಂದು ಕಟ್ಟಿದೆವು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಬಾಡಿಗೆಯವರು, ಬೀದಿಯವರು ಎಲ್ಲ ಕಡಲೆಪುರಿಗೆ ಸೇರಿದ್ದರು. ಮಂಗಳಾರತಿ ಆಯಿತು, ಬೂದುಗುಂಬಳ ಒಡೆದದ್ದೂ ಆಯಿತು. ಇನ್ನು ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಬೇಕು. ಕೀ ತಿರುಗಿಸಿದೆ. ಇಂಜಿನ್ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಯಾರೋ "ಅಂಕಲ್, ತಳ್ಳೋಣ್ವಾ?" ಎಂದು ನಕ್ಕರು. ಇಳಿದು ಬಾನೆಟ್ ಎತ್ತಿ ಆ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ನೀರು ತುಂಬಿ ನಿಂತಿತ್ತು.

ಏನಾಯಿತೋ ನನಗೆ. ಹಬ್ಬದ ದಿನ, ಅಷ್ಟು ಜನ, ನಕ್ಕ ನಗು, ಎಲ್ಲ ಸೇರಿ ನೆತ್ತಿಗೇರಿತು. ಅವನ ಕಡೆ ತಿರುಗಿ ಕೂಗಿದೆ.

"ಕಿವಿಯಂತೂ ಇಲ್ಲ, ತಲೆನೂ ಇಲ್ವೇನೋ ನಿಂಗೆ? ನೀರು ಬಿಡೋ ಮುಂಚೆ ಕೇಳೋಕಾಗಲ್ವಾ? ಕಾರ್ಬೊರೇಟರೇ ಇಲ್ಲ ಕಣೋ ಅಲ್ಲಿ! ಆ ಸ್ಕ್ರೂಗೆ ಏನೂ ಸಂಬಂಧನೇ ಇಲ್ಲ! ನಾಲ್ಕು ತಿಂಗಳಿಂದ ಸುಮ್ಸುಮ್ನೆ ತಿರುಗಿಸ್ತಿದೀಯ! ಪಾಪ ಅಂತ ಬಿಟ್ಟಿದ್ದೆ!"

ಆವತ್ತು ಅವನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಮುಖಕ್ಕೆ ಮುಖ ಕೊಟ್ಟು ಅಷ್ಟು ಗಟ್ಟಿಯಾಗಿ ಕೂಗಿದ್ದೆ. ಒಡೆದ ಕುಂಬಳದ ಚೂರಿಗೆ ನೀರು ಬಿಡುತ್ತಿದ್ದ ಅವನು ನಲ್ಲಿ ನಿಲ್ಲಿಸಿದ. ಪೈಪನ್ನು ನಿಧಾನವಾಗಿ ಸುತ್ತಿ ಗೋಡೆಯ ಮೊಳೆಗೆ ಹಾಕಿದ. ಮಡಚಿದ್ದ ಪ್ಯಾಂಟನ್ನು ಕೆಳಗೆ ಬಿಟ್ಟುಕೊಂಡು, ಸೀಟಿನ ಕೆಳಗಿನ ಪಾನಾಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡ. ನನ್ನ ಹೆಂಡತಿ ಕಡಲೆಪುರಿ ತಟ್ಟೆ ಹಿಡಿದು ಅಳುತ್ತ ನಿಂತಿದ್ದಳು. "ಬರ್ತೀನಮ್ಮ" ಎಂದು ಅವಳಿಗೆ ಹೇಳಿ ಹೋದ. ನನ್ನ ಕಡೆ ನೋಡಲಿಲ್ಲ.

ಜೆಪಿ ನಗರದ ಆ ಹೆಂಗಸು ಬಂದು ಬೇರೆ ಬಾಕ್ಸ್ ಹಾಕಿದರು, ಈ ಸಲ ಸೀಟಿನ ಕೆಳಗೆ. ಆ ಜಾಗ ಈಗ ಖಾಲಿ ಇತ್ತಲ್ಲ. ನಡೆದದ್ದನ್ನು ಕೇಳಿ, "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ವಾ ಅಂಕಲ್ ಅವ್ರಿಗೆ" ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿದರು.

ಹಬ್ಬದ ಮರುದಿನವೇ ಹೋಗಿ ಅವನ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ನಾನೂ ಅವನ ಒಳ್ಳೆಯದಕ್ಕೇ ಮಾಡಿದ್ದು, ಭಾನುವಾರ ಬರುತ್ತಾನೆ, ಬಂದಾಗ ನೋಡೋಣ ಎಂದು ಬಿಗುಮಾನ ಮಾಡಿಕೊಂಡು ಕೂತೆ. ಭಾನುವಾರ ಎಂಟಾಯಿತು, ಒಂಬತ್ತಾಯಿತು. ಮುಂದಿನ ವಾರವೂ ಇಲ್ಲ. ದೀಪಾವಳಿಯೂ ಕಳೆಯಿತು. "ಸಿಟ್ಟಲ್ಲಿ ಕುಯ್ದ ಮೂಗು ಶಾಂತ ಆದ್ಮೇಲೆ ಬರುತ್ತಾ?" ಎಂದಳು ಹೆಂಡತಿ. "ನೀವೇ ಹೋಗಿ." ಆವತ್ತು ಅವಳು ನಗಲಿಲ್ಲ.

ಬರಿಗೈಯಲ್ಲಿ ಹೋಗಲು ಧೈರ್ಯ ಬರಲಿಲ್ಲ. ಗುಜರಿ ಅಂಗಡಿಗಳನ್ನೆಲ್ಲ ಮೂರು ದಿನ ಸುತ್ತಿ, ನಮ್ಮ ಗಾಡಿಗೆ ಹೊಂದುವ ಹಳೇ ಕಾರ್ಬೊರೇಟರ್ ಒಂದನ್ನು ಹುಡುಕಿ, ಪೇಪರಿನಲ್ಲಿ ಸುತ್ತಿಕೊಂಡು ಹೊಸಕೆರೆಹಳ್ಳಿಗೆ ಹೋದೆ. ಐವತ್ತು ವರ್ಷದ ಒಡನಾಟದಲ್ಲಿ ಅವನ ಮನೆಯ ಹೊಸಲು ದಾಟಿದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧ ಇದ್ದ. ಅವನು "ಬಾ, ಕೂತ್ಕೋ" ಎಂದು ಕುರ್ಚಿ ಎಳೆದ. ಅವನ ಹೆಂಡತಿ ಕಾಫಿ ತಂದುಕೊಟ್ಟು ಒಳಗೆ ಹೋದರು. ಯಾರೂ ಮುಖ ಗಂಟಿಕ್ಕಿಕೊಳ್ಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಾರ್ಬೊರೇಟರ್ ನೋಡಿದೊಡನೆ ಅವನ ಮುಖ ಅರಳಿತು. ಪಂಚೆಯ ತುದಿಯಿಂದ ಒರೆಸಿ, ತಿರುಗಿಸಿ ನೋಡಿ, ತೂತಿಗೆ ಬಾಯಿಟ್ಟು ಊದಿ, "ಒಳ್ಳೇದೇ ಹುಡುಕಿದೀಯ" ಎಂದ. ನನಗೆ ಆಸೆ ಹುಟ್ಟಿತು. ಅವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ, ಆ ಇಂಜೆಕ್ಷನ್ ಕಿತ್ತು ಬಿಸಾಕಿ ಇದನ್ನ ಹಾಕೋಣ, ನೀನೇ ಬಂದು ಹಾಕು ಎಂದು.

"ಹಾಕ್ಬೋದು" ಎಂದ. "ಟ್ಯೂನ್ ಮಾಡೋಕೆ ಕಿವಿ ಇರೋರನ್ನ ಕರಿ."

ಅವನೇ ಮುಂದುವರಿಸಿದ. "ಇಂಜಿನ್ ನಿಂತಿದ್ದು ಆವತ್ತು ನಂಗೆ ಕೇಳಿಸ್ಲಿಲ್ಲ. ನಿನ್ನ ಮುಖ ನೋಡಿ ಗೊತ್ತಾಯ್ತು. ನೀನು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆವತ್ತಿಂದ ಕಿವಿ ಬಿಟ್ಟು ಕೈಯಲ್ಲೇ ಅದರ ನಡುಕ ನೋಡೋದು ಕಲ್ತೆ. ಆ ಸ್ಕ್ರೂ ಸುಳ್ಳು ಅಂತ ಮೊದಲ್ನೇ ಭಾನುವಾರನೇ ತಿಳೀತು. ತಿರುಗಿಸಿದ್ರೆ ಇಂಜಿನ್ ನಡುಗೋದು ಬದಲಾಗ್ಬೇಕಲ್ವಾ, ಕೈಗೆ ಗೊತ್ತಾಗಲ್ವಾ? ಮೂವತ್ತು ವರ್ಷ ಮುಟ್ಟಿದೀನಿ ಅದನ್ನ."

"ಮತ್ತೆ ಯಾಕೋ ಸುಮ್ನಿದ್ದೆ?" ಎಂದು ಕೂಗಿದೆ.

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಹಾಳು ಮಾಡೋದು ಯಾಕೆ ಅಂತ." ಸಣ್ಣಗೆ ನಕ್ಕ. "ಬಾಕ್ಸ್ ಎಲ್ಲಿಟ್ಟಿದೀಯ ಅಂತ ಮಾತ್ರ ಗೊತ್ತಾಗ್ಲಿಲ್ಲ. ತೋರ್ಸಿದ್ರೆ ಒಂದು ಪ್ಲಾಸ್ಟಿಕ್ ಕವರ್ ಕಟ್ತಿದ್ದೆ."

ಆಗ ನಾನು ಅತ್ತೆ. ತಪ್ಪಾಯ್ತು ಕಣೋ ಎಂದೆ. ಅದನ್ನು ಅವನು ತುಟಿ ನೋಡಿಯೇ ತಿಳಿದುಕೊಂಡು ಕೈ ಆಡಿಸಿದ. ಗಾಡಿ ಹಾಳಾಗಿ ಹೋಗಲಿ, ಟ್ಯೂನಿಂಗೂ ಬೇಡ, ಏನೂ ಬೇಡ, ಭಾನುವಾರ ಸುಮ್ನೆ ಮನೆಗೆ ಬಾ, ಒಳಗೆ ಕೂತು ಕಾಫಿ ಕುಡಿಯೋಣ ಎಂದು ಗಂಟಲು ಹರಿಯುವಂತೆ ಹೇಳಿದೆ.

ಅವನು ಕಾರ್ಬೊರೇಟರನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದ. ಸಿಟ್ಟಿಲ್ಲದೆ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ.

"ಸುಮ್ನೆ ಬರೋಕೆ ನಾನೇನು ನಿಮ್ಮ ನೆಂಟನಾ? ಅಷ್ಟು ವರ್ಷ ಕೆಲಸ ಅಂತ ಬರ್ತಿದ್ದೆ. ಕೆಲಸ ಇರ್ಲಿಲ್ಲ ಅಂತ ಈಗ ಇಡೀ ಬೀದಿಗೆ ಗೊತ್ತು. ಇನ್ನು ಏನಂತ ಬರ್ಲಿ?"

ಗೆಳೆಯ ಅಂತ ಬಾ. ಆ ಮಾತು ಬಾಯಿಗೆ ಬಂತು. ಐವತ್ತು ವರ್ಷದಲ್ಲಿ ಒಂದು ಸಲವೂ ಅವನಿಗೆ ಹೇಳಿದ ಮಾತಲ್ಲ ಅದು. ಬಾಗಿಲು ತೆರೆದಿತ್ತು, ಹೊರಗೆ ಅಕ್ಕಪಕ್ಕದವರು ಓಡಾಡುತ್ತಿದ್ದರು. ಅವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದೆ.

ಅವನು ಕೆಳಗೆ ನೋಡುತ್ತಿದ್ದ. ನಾನು ಏನೋ ಅಂದೆನೆಂದು ಅನಿಸಿರಬೇಕು, ತಲೆಯೆತ್ತಿ ಕಿವಿಗೆ ಕೈ ಇಟ್ಟು "ಏನಂದೆ?" ಎಂದ.

"ಏನಿಲ್ಲ, ಬರ್ತೀನಿ" ಎಂದು ಗಟ್ಟಿಯಾಗಿ ಹೇಳಿ ಎದ್ದುಬಂದೆ.